ಅಂಬಲಿ ಹಳಸದಂತೆ ಮೈಲಾರಕ್ಕೆ

ಕ್ಯಾರವಾನ್ ಅಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಸಿನಿಮಾ ಶೂಟಿಂಗ್. ಹೀರೋಯಿನ್ ಬಿಸಿಲಿಗೆ ಬಾಡಬಾರದೆಂದು ಎಸಿ ಹಾಕಿ ನಿಲ್ಲಿಸಿದ ಬಸ್ಸು ಅದು. ಈಚೆಗೆ ಬಾಡಿಗೆ ಕೊಟ್ಟರೆ ಹೀರೋಯಿನ್ ಅಲ್ಲದವರೂ ಹತ್ತಬಹುದಂತೆ. ಕೇರಳದವರಂತೂ 2021ರಲ್ಲಿ ಇದಕ್ಕೊಂದು ಸರ್ಕಾರಿ ನೀತಿಯನ್ನೇ ತಂದು, 'ಕೆರವಾನ್' ಎಂದು ನಾಮಕರಣವನ್ನೂ ಮಾಡಿ ಮುಗಿಸಿದರು. ಒಳಗೆ ಮಂಚ, ಒಲೆ, ಫ್ರಿಜ್ಜು, ಶವರ್ರು, ಗುಂಡಿ ಒತ್ತಿದರೆ ನೀರು ಬರುವ ಕಕ್ಕಸು. ಬೆಂಗಳೂರಿನಲ್ಲಿ ಓದುವ ನಮ್ಮ ಮನೆ ಹುಡುಗಿ ಇಂಥದ್ದೊಂದರ ವಿಡಿಯೊ ತೋರಿಸಿ, "ನೋಡು ದೊಡ್ಡವ್ವ, ಬರೀ ಹೆಂಗಸರೇ ಸೇರ್ಕೊಂಡು ಎಷ್ಟು ದೂರ ಹೋಗ್ತಾರೆ, ಎಷ್ಟೊಂದು ಟಿಪ್ಸ್ ಕೊಡ್ತಾರೆ" ಅಂದಳು. ದೊಡ್ಡವ್ವ ಮೊಬೈಲನ್ನು ಒಮ್ಮೆ ಮೂಗಿನ ಹತ್ತಿರ, ಒಮ್ಮೆ ಮೊಳ ದೂರ ಹಿಡಿದು ಪೂರ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ಛಲೋ ಐತಿ. ಎತ್ತಿಗೆ ಮೇವು ಎಲ್ಲಿ ಇಟ್ಟಾರ?"

ಹುಡುಗಿ ನಕ್ಕಳು. ನಗಬಾರದಿತ್ತು. ದೊಡ್ಡವ್ವ ಮೈಲಾರದ ದಾರಿಯಲ್ಲಿ ಹಣ್ಣಾದವಳು. ದೂರ ಪ್ರಯಾಣದ ಟಿಪ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಡುವಿನ ಚೀಲ ಸಡಿಲಿಸಿ ಎಲೆ ಅಡಿಕೆ ತೆಗೆದಳು. ಚೀಲ ಸಡಿಲವಾಯಿತೆಂದರೆ ಆ ಸಂಜೆ ನಮ್ಮ ಮನೆಯಲ್ಲಿ ಟಿ.ವಿ. ಇಲ್ಲ, ಅಡುಗೆಯೂ ತಡ.

ಮಾಘದ ಭರತ ಹುಣ್ಣಿಮೆ ಹತ್ತಿರ ಬರುತ್ತಿದ್ದಂತೆ ನಮ್ಮ ಸೀಮೆಯ ದಾರಿಗಳೆಲ್ಲ ಒಂದೇ ಕಡೆ ಮುಖ ಮಾಡುತ್ತವೆ. ಹೂವಿನ ಹಡಗಲಿ ತಾಲ್ಲೂಕಿನ ತುದಿಯಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಮೈಲಾರ, ಅಲ್ಲಿ ಜಾತ್ರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಬಂಡಿಗಳು ಒಂದು ಕಡೆಯಿಂದ; ಹಾವೇರಿ, ಗುತ್ತಲ ಸೀಮೆಯವರು ಹೊಳೆಯ ಆಚೆ ಕಡೆಯಿಂದ. ಹರಪನಹಳ್ಳಿಯವರ ಮಾತೇ ಬೇರೆ. ಅವರು ಬಂಡಿ ಹತ್ತದೆಯೇ ಊರಿಗೆ ಊರು ಪ್ರಯಾಣ ಮಾಡಿದವರು: 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, ಅಲ್ಲಿಂದ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಹರಪನಹಳ್ಳಿಯ ಹೆಣ್ಣುಮಗಳನ್ನು ತಂದುಕೊಂಡವರ ಮನೆಯಲ್ಲಿ "ನಿಮ್ಮೂರು ಈಗ ಯಾವ ಜಿಲ್ಲೆಯಾಗ ಐತಿಬೇ?" ಎಂಬ ಚೇಷ್ಟೆ ಇನ್ನೂ ಹಳತಾಗಿಲ್ಲ.

ಬಂಡಿ ಹೂಡುವ ವಾರ ಮೊದಲು ಮನೆಯ ಗಂಡಸರನ್ನು ನೋಡಬೇಕು. ಎತ್ತಿನ ಮೈ ತಿಕ್ಕಿದ್ದೇ ತಿಕ್ಕಿದ್ದು. ಕೊಂಬು ಹೆರೆದು ಬಣ್ಣ ಬಳಿದು, ಕೋಡಣಸು ಸಿಗಿಸಿ, ಹಣೆಗೆ ಗೊಂಡೆ ಕಟ್ಟಿ, ಕೊರಳಿಗೆ ಗೆಜ್ಜೆಸರ ಹಾಕಿ, ಬೆನ್ನಿಗೆ ಜೂಲ ಹೊದಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡುತ್ತಾರೆ. ಮದುವೆಯಲ್ಲಿ ಹೆಂಡತಿಯನ್ನೂ ಇಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಗಾಲಿಗೆ ಕೀಲೆಣ್ಣೆ ಬಿಟ್ಟು, ಕಮಾನು ಕಟ್ಟಿ, ಮೇಲೆ ತಾಡಪತ್ರಿ ಎಳೆದರೆ ಅವರ ಪಾಲಿನ ತಯಾರಿ ಮುಗಿಯಿತು. ಇನ್ನು ಉಳಿದದ್ದು "ಎಲ್ಲಾ ಆತಿಲ್ಲ? ಹೊತ್ತಾತು, ಹೊತ್ತಾತು" ಎಂದು ಕೂಗುವ ಕೆಲಸ. ಅದನ್ನು ಅವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಬಂಡಿಯ ಒಳಗೆ ಏನು ಎಲ್ಲಿ ಕೂರಬೇಕು ಎಂಬುದು ಮಾತ್ರ ಹೆಂಗಸರ ಇಲಾಖೆ. ಗಂಡಸರು ಅಲ್ಲಿ ಕೈ ಹಾಕಿದರೆ ರೊಟ್ಟಿಯ ಮೇಲೆ ಕುಡಗೋಲು, ಕುಡಗೋಲಿನ ಮೇಲೆ ಕೂಸು ಬರುತ್ತದೆ. ತಳಕ್ಕೆ ಜೋಳದ ಕಣಿಕೆ ಹಾಸಬೇಕು, ಅದರ ಮೇಲೆ ಹೊಟ್ಟಿನ ಚೀಲ, ಅದರ ಮೇಲೆ ಕೌದಿಗಳು. ಇದೇ ನಮ್ಮ ಹಾಸಿಗೆ, ಇದೇ ಎತ್ತಿನ ಊಟ. ದೊಡ್ಡವ್ವ ಮೇವು ಎಲ್ಲಿ ಎಂದು ಕೇಳಿದ್ದು ಇದಕ್ಕೇ. ಹೋಗುವಾಗ ಹಂಸತೂಲಿಕಾತಲ್ಪ. ಪ್ರತಿ ಬೀಡಿನಲ್ಲೂ ಎತ್ತುಗಳು ಒಂದೊಂದು ಪದರ ತಿನ್ನುತ್ತವೆ. ತಿರುಗಿ ಬರುವ ಹೊತ್ತಿಗೆ ಕೌದಿಯ ಕೆಳಗೆ ಹಲಗೆ, ಹಲಗೆಯ ಕೆಳಗೆ ಅಚ್ಚು, ಅಚ್ಚಿನ ಕೆಳಗೆ ಹಡಗಲಿ ತಾಲ್ಲೂಕಿನ ರಸ್ತೆ. ಅದಕ್ಕೇ ತಿಳಿದವರು ಹೋಗುವಾಗ ಗಾಲಿಯ ನೆತ್ತಿಗೆ ಹಿರಿಯರನ್ನು ಕೂರಿಸಿ, ಬರುವಾಗ ಅಲ್ಲಿಗೆ ಹುಡುಗರನ್ನು ಸರಿಸುತ್ತಾರೆ. ಇದನ್ನು ಕಲಿಯದ ಹೊಸ ಸೊಸೆ ಮೊದಲ ವರ್ಷ ಬರುವಾಗ ಅತ್ತೆಗೆ ಗೌರವ ಕೊಟ್ಟು ತನ್ನ ಜಾಗ ಬಿಟ್ಟುಕೊಡುತ್ತಾಳೆ. ಅತ್ತೆ ಬೇಡ ಅನ್ನುವುದಿಲ್ಲ.

ಬುತ್ತಿಯ ವಿಷಯಕ್ಕೆ ಬಂದರೆ ನಾನು ಬೇಗ ನಿಲ್ಲಿಸುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ.

ನೀರು ಇದ್ದಲ್ಲಿ ಹಳಸು ಇದೆ, ಅಷ್ಟೇ ಸೂತ್ರ. ಹಾಗಾಗಿ ಜೋಳದ ರೊಟ್ಟಿಯನ್ನು ತೆಳ್ಳಗೆ ತಟ್ಟಿ, ಕೆಂಡದ ಬದಿಗೆ ಒರಗಿಸಿ, ಬೆರಳಲ್ಲಿ ಬಾರಿಸಿದರೆ ಸದ್ದು ಬರುವಷ್ಟು ಖಡಕ್ ಮಾಡಬೇಕು. ಸಜ್ಜೆ ರೊಟ್ಟಿಗೆ ಎಳ್ಳು ಒತ್ತಿದರೆ ಚಳಿಗೂ ಒಳ್ಳೆಯದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೂರನ್ನೂ ಪುಡಿಯಾಗಿಯೇ ಒಯ್ಯಬೇಕು. ಎಣ್ಣೆ, ಮೊಸರು ಕಲಸುವುದು ಉಣ್ಣುವ ಹೊತ್ತಿಗೆ. ಸಿಹಿಗೆ ಶೇಂಗಾ ಹೋಳಿಗೆ, ಕರ್ಚಿಕಾಯಿ, ಮಾದಲಿ. ಮಾದಲಿಯ ಹಿಟ್ಟು ಬೆಲ್ಲ ಹಾಕಿ ಒಣಗಿಯೇ ಇರುವುದರಿಂದ ಅದು ಮೈಲಾರಕ್ಕೆ ಹೋಗಿ, ಬಂದು, ಇನ್ನೊಂದು ಜಾತ್ರೆಗೂ ಹೊರಡಲು ಸಿದ್ಧವಿರುತ್ತದೆ.

ಮೊಸರನ್ನದ ಬುತ್ತಿಯಲ್ಲಿ ಒಂದು ಗುಟ್ಟಿದೆ. ಪಟ್ಟಣದವರು ಮೊಸರು ಕಲಸಿ ಒಯ್ದು, ಮಧ್ಯಾಹ್ನಕ್ಕೆ ಬಾಯಿಗಿಟ್ಟು ಮುಖ ಕಿವುಚುತ್ತಾರೆ. ಬಂಡಿಯವರು ಮೆತ್ತಗೆ ಬೆಂದ ಅನ್ನಕ್ಕೆ ಕಾಸಿ ಆರಿಸಿದ ಹಾಲು ಹೊಯ್ದು, ಒಂದೇ ಚಮಚ ಮೊಸರು ಹೆಪ್ಪಿಗೆ ಹಾಕಿ ಬಾಯಿ ಕಟ್ಟುತ್ತಾರೆ. ಕುಲುಕಾಟದಲ್ಲೇ ಅದು ಮೊಸರನ್ನವಾಗುತ್ತಾ ಬರುತ್ತದೆ. ಬೆಳಗಿನ ಜಾವ ಕಟ್ಟಿದ್ದು ಉಣ್ಣುವ ಹೊತ್ತಿಗೆ ಸರಿಯಾಗಿ ಹದಕ್ಕೆ ಬಂದಿರುತ್ತದೆ. ಎತ್ತು ತಡ ಮಾಡಿದರೆ ಸ್ವಲ್ಪ ಹುಳಿ. ಎತ್ತಿನ ನಡಿಗೆ ನೋಡಿ ಹೆಪ್ಪು ಹಾಕುವ ಹೆಂಗಸರು ನಮ್ಮಲ್ಲಿದ್ದಾರೆ: ಮುದಿ ಎತ್ತಿಗೆ ಅರ್ಧ ಚಮಚ, ಹೋರಿಗೆ ಒಂದೂವರೆ.

ರೊಟ್ಟಿಯ ಶತ್ರು ಹಳಸಲ್ಲ, ಬೀಗರು. ಖಡಕ್ ರೊಟ್ಟಿಯ ಗಂಟನ್ನು ಪುಡಿಯಾಗದಿರಲೆಂದು ಎರಡು ಕೌದಿಗಳ ನಡುವೆ ಇಡುತ್ತೇವೆ. ದಾರಿಯಲ್ಲಿ ಬಂಡಿ ಹತ್ತಿದ ಬೀಗರು ಇದ್ದುದರಲ್ಲಿ ಎತ್ತರದ, ಮೆತ್ತನೆಯ ಜಾಗ ಹುಡುಕಿ ಅದರ ಮೇಲೆಯೇ ವಿರಾಜಮಾನರಾಗುತ್ತಾರೆ. ಏಳಿ ಅನ್ನುವ ಹಾಗಿಲ್ಲ. ಕೂತವರ ಕೆಳಗಿನಿಂದ ಕರಕ್ ಕರಕ್ ಎಂದು ಸದ್ದು ಬರುತ್ತಿದ್ದರೆ ಬಂಡಿಯೊಳಗಿನ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಪುಡಿಯಾದದ್ದೂ ದಂಡವಲ್ಲ. ಮಜ್ಜಿಗೆಯಲ್ಲಿ ನೆನೆಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಶೇಂಗಾ ಪುಡಿ ಉದುರಿಸಿ ಕಲಸಿದರೆ ಆ ಬೀಗರೇ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತಾರೆ.

ಈಗ ಕಾರ್ಣಿಕಕ್ಕೆ, ಅಂದರೆ ಜಾತ್ರೆಯ ಭವಿಷ್ಯವಾಣಿಗೆ ಬರೋಣ. ಇಷ್ಟೆಲ್ಲ ಬಂಡಿ ಕಟ್ಟಿದ್ದು ಅದಕ್ಕೇ ಎಂಬುದು ಗಂಡಸರ ನಂಬಿಕೆ. ಹುಣ್ಣಿಮೆ ಕಳೆದ ಮೇಲೆ ಸಂಜೆ ಹೊತ್ತು ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ. 11 ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ "ಸದ್ದಲೇ" ಅನ್ನುತ್ತಾನೆ. ಅಷ್ಟು ಹೊತ್ತು "ಏಳು ಕೋಟಿಗೆ ಚಾಂಗಮಲೋ" ಎಂದು ಮುಗಿಲು ಹರಿಯುತ್ತಿದ್ದ ಗಂಟಲುಗಳೆಲ್ಲ ಒಮ್ಮೆಗೇ ಗಪ್. ಕೂಸುಗಳ ಬಾಯಿಗೆ ಕೂಡ ಅವ್ವಂದಿರ ಅಂಗೈ ಮುಚ್ಚಿರುತ್ತದೆ. ಒಂದೇ ಸಾಲು ನುಡಿದು ಅವನು ಮೇಲಿನಿಂದ ಧುಮುಕುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಆ ಸಾಲಿನ ಅರ್ಥ ಬಿಡಿಸುವ ಕೆಲಸ ಕಟ್ಟೆಯ ಮೇಲಿನವರದು. ಕೆಲಸವಿಲ್ಲದವರಿಗೆ ಇಷ್ಟು ದೀರ್ಘಕಾಲದ ಉದ್ಯೋಗ ಕೊಟ್ಟ ದೇವರು ಇನ್ನೊಬ್ಬನಿಲ್ಲ.

2023ರ ಕಾರ್ಣಿಕ ನೆನಪಿದೆಯೇ? "ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್." ಚುನಾವಣೆಯ ವರ್ಷ. ಮರಡಿ ಇಳಿಯುವ ಮೊದಲೇ ಗಂಡಸರು ಸರ್ಕಾರ ಬದಲಾಯಿಸಿ, ಖಾತೆ ಹಂಚಲು ಶುರು ಮಾಡಿದ್ದರು. ಕಂಬಳಿ ಅಂದರೆ ಯಾರು, ಅಂಬಲಿ ಅಂದರೆ ಯಾವ ಪಕ್ಷ ಎಂದು ಬಂಡಿಯ ಮೂಕಿ ಹಿಡಿದು ಜಗಳ. ಮೇ ತಿಂಗಳಲ್ಲಿ ಸಿದ್ದರಾಮಯ್ಯ ಎರಡನೇ ಸಲ ಮುಖ್ಯಮಂತ್ರಿಯಾದಾಗ ಪ್ರತಿ ಓಣಿಯಲ್ಲೂ ನಾಲ್ಕು ಜನ "ನಾ ಆವತ್ತೇ ಹೇಳಿದ್ದೆ" ಅಂದರು. ಹೆಂಗಸರ ಬಂಡಿಯಲ್ಲಿ ಆ ನುಡಿಗೆ ಸಿಕ್ಕ ಅರ್ಥವೇ ಬೇರೆ. "ಅಂಬಲಿ ಹಳಸಿತು" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಲ್ಲರ ಕಣ್ಣೂ ಹೋದದ್ದು ಒಬ್ಬಳ ಮೇಲೆ. ಅವಳು ಮಣ್ಣಿನ ಗಡಿಗೆ ಭಾರವೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಂಬಲಿ ತುಂಬಿ, ಗಾಳಿ ಆಡದಂತೆ ಮುಚ್ಚಳ ಬಿಗಿದು ತಂದವಳು. ಡಬ್ಬಿ ಮಧ್ಯಾಹ್ನವೇ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ತೆರೆದಾಗ ಢಬ್ ಎಂದಿತ್ತು. "ಗೊರವಯ್ಯಗ ವಾಸನಿ ಹೋಗೇತಿ ಬಿಡವ್ವಾ" ಎಂದು ದೊಡ್ಡವ್ವ ಅಂದದ್ದು ಇಂದಿಗೂ ನಮ್ಮ ಬಂಡಿಯ ಅಧಿಕೃತ ವ್ಯಾಖ್ಯಾನ. ಅಂಬಲಿಗೆ ಮಣ್ಣಿನ ಗಡಿಗೆಯೇ ಬೇಕು, ಬಾಯಿಗೆ ಹಸಿ ಅರಿವೆ ಕಟ್ಟಬೇಕು, ಗಾಳಿ ಆಡಬೇಕು. ಇದನ್ನು ಹೇಳಲು ದೇವರೇ ಬಿಲ್ಲು ಏರಬೇಕಾಯಿತೆಂದರೆ ನಮ್ಮ ಬುದ್ಧಿಗೆ ಏನು ಹೇಳೋಣ.

2025ರಲ್ಲೂ ಹಾಗೇ ಆಯಿತು. "ತುಂಬಿದ ಕೊಡ ತುಳುಕಿತಲೇ ಪರಾಕ್" ಎಂದು ನುಡಿಯಾಯಿತು. ಮಳೆ ಚೆನ್ನಾಗಿದೆ ಎಂದರು ಕೆಲವರು, ಸರ್ಕಾರ ಅಲುಗಾಡುತ್ತದೆ ಎಂದರು ಕೆಲವರು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಇರುವಾಗ ಇದು ಹೇಗೆ ಸಾಧ್ಯ ಎಂದು ಮೇಷ್ಟ್ರೊಬ್ಬರು ತಲೆ ಕೆರೆದರು. ಆ ಗಾದೆ ಮಾಡಿದವರು ಬಂಡಿ ಹತ್ತಿದವರಲ್ಲ, ಅಷ್ಟೇ. ಬಂಡಿಯಲ್ಲಿ ತುಂಬಿದ ಕೊಡ ಇಟ್ಟು ಒಂದು ಹಳ್ಳ ದಾಟಿ ನೋಡಿ. ಮೊದಲು ಕೌದಿ ನೆನೆಯುತ್ತದೆ, ಆಮೇಲೆ ರೊಟ್ಟಿ, ಆಮೇಲೆ ಅತ್ತೆ. ಕೊಡವನ್ನು ಕೊರಳಿನ ತನಕ ಮಾತ್ರ ತುಂಬಿ, ಮೇಲೆ ಬೇವಿನ ಟಿಸಿಲೋ ಎಲೆಯೋ ತೇಲಿ ಬಿಟ್ಟು, ಬಾಯಿಗೆ ಅರಿವೆ ಬಿಗಿದು, ಹಗ್ಗದ ಸಿಂಬೆಯೊಳಗೆ ಕೂರಿಸಬೇಕು. ಎಲೆ ತೇಲಿಬಿಟ್ಟರೆ ಅಲೆ ಏಳುವುದು ಕಡಿಮೆ. ಈ ವಿದ್ಯೆ ತಲೆಯ ಮೇಲೆ ನೀರು ಹೊತ್ತು ತಂದ ಪ್ರತಿಯೊಬ್ಬಳಿಗೂ ಗೊತ್ತು; ಅದನ್ನು ಯಾರೂ ಕಾರ್ಣಿಕ ಅನ್ನುವುದಿಲ್ಲ.

ಹೊಳೆ ದಂಡೆಗೆ ಹೋಗುವಾಗ ನೀರು ಯಾಕೆ ಹೊರಬೇಕು ಎಂದು ಕೇಳಬಹುದು. ಮಾಘದ ಹೊಳೆ ನಂಬುವ ಹಾಗಿಲ್ಲ. ತುಂಗಭದ್ರೆ ಸೊರಗಿದ ವರ್ಷ ಜಾತ್ರೆಗೆಂದೇ ಭದ್ರಾ ಜಲಾಶಯದಿಂದ ನೀರು ಬಿಡಿಸುತ್ತಾರೆ. ಆ ನೀರು ಮೀಯಲು ಸರಿ. ಅಷ್ಟು ಜನ, ಅಷ್ಟು ಎತ್ತು ಇಳಿದ ಮೇಲೆ ಕುಡಿಯಲು ಅಲ್ಲ. ಹಿಂದೆ ಹೆಂಗಸರು ಮರಳಿನಲ್ಲಿ ಮೊಳ ಆಳ ವರ್ತಿ ತೋಡಿ, ಮೊದಲು ಬಂದ ಕದಡನ್ನು ಚೆಲ್ಲಿ, ಆಮೇಲೆ ಒರೆತದ ತಿಳಿನೀರನ್ನು ಬೊಗಸೆ ಬೊಗಸೆ ತುಂಬಿಕೊಳ್ಳುತ್ತಿದ್ದರು. ಈಗ ತೋಡಲು ಮರಳೇ ಇಲ್ಲ. ಅದು ನಮಗಿಂತ ಮೊದಲೇ ಲಾರಿ ಹತ್ತಿ ದೂರ ಪ್ರಯಾಣ ಹೋಗಿದೆ.

ಕಕ್ಕಸಿನ ವಿಚಾರ ಬರೆಯಬಾರದು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬಹುದು. ಗಂಡಸರಿಗೆ ಇಡೀ ದಾರಿಯೇ ಶೌಚಾಲಯ, ಎತ್ತಿಗಿಂತ ಹೆಚ್ಚಿನ ಸಂಕೋಚವೇನೂ ಅವರಿಗಿಲ್ಲ. ಹೆಂಗಸರ ದಿನಚರಿಯೆಲ್ಲ ಇದರ ಮೇಲೆ ನಿಂತಿದೆ: ಬೆಳ್ಳಿ ಮೂಡುವ ಮೊದಲು ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ನಡುವೆ ಬಾಯಾರಿದರೂ ಗುಟುಕು ನೀರಷ್ಟೇ. ಬಿಸಿಲಿನಲ್ಲಿ ನೀರು ಕುಡಿಯದೆ ಬಂದು ತಲೆ ತಿರುಗಿ ಬಿದ್ದವರಿಗೆ ದೇವರು ಮೈಮೇಲೆ ಬಂತೆಂದು ಭಂಡಾರ ಹಚ್ಚಿದ್ದನ್ನು ನೋಡಿದ್ದೇನೆ. ಬಂದದ್ದು ಬಾಯಾರಿಕೆ. ಎರಡು ಲೋಟ ಮಜ್ಜಿಗೆ ಹೊಟ್ಟೆಗೆ ಬಿದ್ದ ಮೇಲೆ ದೇವರು ಸುಮ್ಮನೆ ಎದ್ದು ಹೋದ.

ಇಲ್ಲಿ ಒಂದು ಗಿಡಕ್ಕೆ ಕೃತಜ್ಞತೆ ಹೇಳಬೇಕು. ಎಲ್ಲಿಯೋ ಅಮೆರಿಕ ಖಂಡದಿಂದ ಬಂದು, ಕನ್ನಡದಲ್ಲಿ ಬಳ್ಳಾರಿ ಜಾಲಿ ಎಂಬ ಹೆಸರು ಹೊತ್ತು, ರೈತರ ಶಾಪ, ಅರಣ್ಯ ಇಲಾಖೆಯ ಶಾಪ ಎಲ್ಲವನ್ನೂ ತಿಂದು ಹಸಿರಾಗಿರುವ ಗಿಡ. ಊರಿಗೆ ಬೇಡವಾದ ಈ ಜಾಲಿ ಜಾತ್ರೆಯ ದಾರಿಯಲ್ಲಿ ಹೆಂಗಸರ ಮಾನ ಕಾಯುತ್ತದೆ. ಮುಳ್ಳಿದೆ, ನೋಡಿ ಕೂರಬೇಕು. ಒಬ್ಬಳೇ ಹೋಗಬಾರದು, ಮೂವರು ಹೋಗಿ ಇಬ್ಬರು ಸೀರೆ ಅಡ್ಡ ಹಿಡಿಯಬೇಕು. ಬ್ಯಾಟರಿಯನ್ನು ನೆಲಕ್ಕೆ ಬಿಡಬೇಕು, ಮುಖಕ್ಕಲ್ಲ. ಈಗ ಜಾತ್ರೆಯಲ್ಲಿ ತಾತ್ಕಾಲಿಕ ಶೌಚಾಲಯ ಕಟ್ಟುತ್ತಾರೆ, ಸಂತೋಷ. ಅದರ ಮುಂದಿನ ಸಾಲಿನಲ್ಲಿ ನಿಂತು ನಾನು ಮೂರು ಊರಿನ ಸಂಸಾರದ ಕತೆ ಕೇಳಿ ಮುಗಿಸಿದ್ದೇನೆ.

ತಿಂಗಳ ರಜೆಯ ಲೆಕ್ಕವೂ ಪ್ರಯಾಣದ ಲೆಕ್ಕವೇ. ಕ್ಯಾಲೆಂಡರಿನಲ್ಲಿ ಭರತ ಹುಣ್ಣಿಮೆ ಎಂದು ಕೆಂಪಕ್ಷರ ಕಂಡ ದಿನವೇ ಮನೆಯ ಹೆಂಗಸರು ಬೆರಳು ಮಡಚಲು ಶುರು. ದಿನ ಕೂಡಿ ಬಂದರೆ ಔಷಧದಂಗಡಿಗೆ ಹೋಗಿ ಮುಂದೂಡುವ ಗುಳಿಗೆ ತರುವವರಿದ್ದಾರೆ. ವೈದ್ಯರನ್ನು ಕೇಳದೆ ನುಂಗಬೇಡಿ ಎಂದರೆ "ದೇವರಿಗಿಂತ ಡಾಕ್ಟರ್ ದೊಡ್ಡವನೇನು" ಅನ್ನುತ್ತಾರೆ. ಮಣಿ, ಮಲ್ಲ ಎಂಬ ರಾಕ್ಷಸರನ್ನೇ ಕೊಂದ ಮೈಲಾರದ ಮಾರ್ತಾಂಡ ಭೈರವ ಇಷ್ಟು ಸಣ್ಣದಕ್ಕೆ ಹೆದರುತ್ತಾನೆಯೇ ಎಂಬುದು ನನ್ನ ಅನುಮಾನ. ಅವನ ಮಗ್ಗುಲಲ್ಲೇ ಗಂಗಿಮಾಳವ್ವ ಇದ್ದಾಳಲ್ಲ, ಅವಳು ಎಲ್ಲವನ್ನೂ ತಿಳಿಸಿರುತ್ತಾಳೆ. ಒಮ್ಮೆ ನಮ್ಮ ಬಂಡಿಯಲ್ಲಿ ಒಬ್ಬಳಿಗೆ ದಾರಿಯಲ್ಲೇ ಹಾಗಾಯಿತು. ದೊಡ್ಡವ್ವ ಬಂಡಿ ತಿರುಗಿಸಲಿಲ್ಲ, ಗಂಡಸರಿಗೆ ಹೇಳಲೂ ಇಲ್ಲ. "ಎತ್ತಿಗೆ ಗೊತ್ತಾದ್ರ ಮೂಗು ಮುರೀತಾವೇನು? ಸುಮ್ಮನ ಕುಂದ್ರು" ಅಂದಳು. ಅವಳು ಸುಮ್ಮನೆ ಕೂತಳು, ಎತ್ತುಗಳೂ ಸುಮ್ಮನೆ ಹೋದವು.

ಇನ್ನು ಪಿನ್ನು. ತಾಳಿಸರಕ್ಕೆ ಸಿಕ್ಕಿಸಿದ ಪಿನ್ನಿನ ಗೊಂಚಲು ನೋಡಿ ನಗುವ ಗಂಡಸರೇ, ಜೂಲ ಹರಿದಾಗ, ಚಪ್ಪಲಿಯ ಉಂಗುಷ್ಟ ಕಿತ್ತಾಗ, ಕಾಲಿಗೆ ಜಾಲಿ ಮುಳ್ಳು ಮುರಿದಾಗ ನೀವು ಕೈ ಚಾಚುವುದು ಎಲ್ಲಿಗೆ? 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಗಂಡ ಮಲಗಿದ್ದಾಗ ಅವನು ತಯಾರಿಸಿದ ಮೋಟಾರು ಬಂಡಿಗೆ ಇಬ್ಬರು ಹುಡುಗರನ್ನು ಹತ್ತಿಸಿಕೊಂಡು, ಮ್ಯಾನ್‌ಹೈಮಿನಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ತವರಿಗೆ ಹೋಗಿಬಿಟ್ಟಳು. ಜಗತ್ತಿನಲ್ಲಿ ಕಾರು ಮಾಡಿದ ಮೊದಲ ದೂರ ಪ್ರಯಾಣ ಅದು. ಇಂಧನದ ಕೊಳವೆ ಕಟ್ಟಿಕೊಂಡಾಗ ಅವಳು ತೆಗೆದದ್ದು ಟೋಪಿಗೆ ಸಿಕ್ಕಿಸಿದ್ದ ಪಿನ್ನನ್ನು. ಇಂಧನ ಮುಗಿದಾಗ ಕೊಂಡದ್ದು ಔಷಧದಂಗಡಿಯಲ್ಲಿ. ಗಂಡನಿಗೆ ತಂತಿ ಕಳಿಸಿದ್ದು ಮುಟ್ಟಿದ ಮೇಲೆ. ದೊಡ್ಡವ್ವನಿಗೆ ಈ ಕತೆ ಹೇಳಿದೆ. ಎಂಜಿನ್ನಿನ ಬಗ್ಗೆ ಏನೂ ಕೇಳಲಿಲ್ಲ. "ತವರಿಗೆ ಅಂದ್ಯಲ್ಲ, ಹಂಗಾದ್ರ ದಾರಿ ತಪ್ಪೂದಿಲ್ಲ" ಅಂದಳು.

ಕೀಲೆಣ್ಣೆಯ ಕಲೆ ಒಂದಕ್ಕೆ ಮಾತ್ರ ಪಿನ್ನು ಉಪಯೋಗವಿಲ್ಲ. ಇಳಿಯುವಾಗ ಗಾಲಿಯ ಗುಂಬಕ್ಕೆ ಸೆರಗು ತಾಗಿದರೆ ಸೀರೆ ಹೋಯಿತು. ನೀರು ಹಾಕಿ ಉಜ್ಜಿದರೆ ಇನ್ನಷ್ಟು ಹರಡುತ್ತದೆ. ಮೊದಲು ಸೀಮೆಎಣ್ಣೆ, ಆಮೇಲೆ ಸಬಕಾರ, ಆಮೇಲೆ ಆ ಸೀರೆಯನ್ನು ನಾದಿನಿಗೆ ಕೊಡುವುದು.

ನಾವು ವರ್ಷಕ್ಕೊಮ್ಮೆ ಬಂಡಿ ಹತ್ತಿ ಇಷ್ಟು ಜಂಭ ಕೊಚ್ಚುತ್ತೇವೆ. ನಮ್ಮ ಸುತ್ತಿನ ತಾಂಡಾಗಳ ಅಜ್ಜಿಯಂದಿರು ಕೇಳಿದರೆ ನಕ್ಕಾರು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಲ್ಲಿ ನೆಲೆ ನಿಂತಿರುವ ಲಂಬಾಣಿಗರ ಹಿಂದಿನ ತಲೆಮಾರುಗಳಿಗೆ ಪ್ರಯಾಣವೇ ಮನೆ. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆಯುವ ಲದೇಣಿ ಅವರದು. ಶ್ರೀರಂಗಪಟ್ಟಣದ ಮೇಲೆ ದಂಡು ಕಟ್ಟಿ ಬಂದ ಕಾರ್ನ್‌ವಾಲಿಸನ ಸೈನ್ಯದ ಹೊಟ್ಟೆ ತುಂಬಿಸಿದ್ದೂ ಇದೇ ಎತ್ತುಗಳ ಸಾಲು. ರೈಲು ಬಂತು, ಎತ್ತು ನಿಂತವು. 1871ರಲ್ಲಿ ಬ್ರಿಟಿಷರು ಅಲೆಮಾರಿಗಳನ್ನು ಹುಟ್ಟಾ ಅಪರಾಧಿಗಳೆಂದು ಬರೆದಿಡುವ ಕಾಯ್ದೆಯನ್ನೂ ತಂದರು. ಆ ಹೆಂಗಸರು ಮನೆಯ ಬೊಕ್ಕಸವನ್ನು ಮೈಮೇಲೆ ಹೊತ್ತು ನಡೆದವರು: ಬೆಳ್ಳಿ ಕೂದಲಲ್ಲಿ, ನಾಣ್ಯ ರವಿಕೆಯಲ್ಲಿ, ಕನ್ನಡಿ ಪೇಟಿಯಲ್ಲಿ. ಕಳ್ಳ ಕದಿಯಬೇಕೆಂದರೆ ಹೆಂಗಸನ್ನೇ ಎತ್ತಿಕೊಂಡು ಹೋಗಬೇಕು, ಆ ಭಾರಕ್ಕೆ ಅವನು ದೂರ ಓಡಲಾರ. ಹೆಜ್ಜೆ ಹಾಕುತ್ತಲೇ ಹಾಕಿದ ಹೊಲಿಗೆಗೆ ಈಗ ಸಂಡೂರಿನ ಲಂಬಾಣಿ ಕಸೂತಿ ಎಂದು ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ. ಪಟ್ಟಣದ ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟು ಮಾರುತ್ತಾರೆ.

ಅವರ ಮೊಮ್ಮಕ್ಕಳು ಈಗಲೂ ದೂರ ಹೋಗುತ್ತಾರೆ, ಕಬ್ಬು ಕಡಿಯಲು ಮಂಡ್ಯದ ಕಡೆ, ಕಾಫಿ ತೋಟಕ್ಕೆ ಚಿಕ್ಕಮಗಳೂರಿನ ಕಡೆ. ತಾಂಡಾದವರಷ್ಟೇ ಅಲ್ಲ, ಮಳೆ ಕೈಕೊಟ್ಟ ವರ್ಷ ನಮ್ಮ ಓಣಿಯವರೂ ಹೊರಡುತ್ತಾರೆ. ಅದೇ ತಾಡಪತ್ರಿ, ಅದೇ ಕೌದಿ, ಅದೇ ಖಡಕ್ ರೊಟ್ಟಿ. ಗುಳೆ ಹೊರಟ ಗಂಟಿನಲ್ಲಿ ಮಾದಲಿ ಇರುವುದಿಲ್ಲ, ಶಾಲೆ ಬಿಟ್ಟ ಹುಡುಗಿಯ ಪಾಟಿಚೀಲ ಇರುತ್ತದೆ. ಅದರ ಟಿಪ್ಸ್ ಯಾರೂ ವಿಡಿಯೊ ಮಾಡಿ ಹಾಕಿಲ್ಲ.

ಎತ್ತಿನ ಬಂಡಿಗಳ ನಡುವೆ ಈಗ ಟ್ರ್ಯಾಕ್ಟರುಗಳೇ ಹೆಚ್ಚು. ಟ್ರೇಲರಿಗೆ ಬಿದಿರಿನ ಕಮಾನು ಬಗ್ಗಿಸಿ, ನಡುವೆ ಹಲಗೆ ಹಾಸಿ ಎರಡು ಅಂತಸ್ತು ಮಾಡುತ್ತಾರೆ: ಕೆಳಗೆ ಸಾಮಾನು ಮತ್ತು ಹಿರಿಯರು, ಮೇಲೆ ಹುಡುಗರು. ಮುಂದೆ ಸ್ಪೀಕರು, ಹಿಂದೆ ನೀರಿನ ಡ್ರಮ್ಮು, ಮೂಲೆಯಲ್ಲಿ ಗ್ಯಾಸಿನ ಒಲೆ. ಫೋನಿಗೆ ಚಾರ್ಜು ಟ್ರ್ಯಾಕ್ಟರಿನ ಬ್ಯಾಟರಿಯಿಂದ. ಹುಡುಗರು ಇದನ್ನೇ ಕ್ಯಾರವಾನ್ ಅನ್ನುತ್ತಾರೆ, ತಪ್ಪೇನೂ ಇಲ್ಲ. ಆದರೆ ಟ್ರೇಲರಿಗೆ ಎತ್ತಿನ ವಿವೇಕವಿಲ್ಲ. ತಗ್ಗು ಕಂಡರೆ ಎತ್ತು ಒಂದು ಕ್ಷಣ ತಡೆದು ಕಾಲಿಡುತ್ತದೆ. ಟ್ರ್ಯಾಕ್ಟರಿನ ಹುಡುಗ ಸ್ಪೀಕರಿನ ತಾಳಕ್ಕೆ ಸರಿಯಾಗಿ ತಗ್ಗಿಗೆ ಬೀಳಿಸುತ್ತಾನೆ. ಹತ್ತುವ ಮೊದಲು ಮಾತಾಡಿಕೊಳ್ಳಬೇಕಾದದ್ದು ಎರಡು: ಓಡಿಸುವವನು ಕುಡಿದಿರಬಾರದು, ಕತ್ತಲಾದ ಮೇಲೆ ಹಿಂದೆ ಕೆಂಪು ದೀಪವೋ ಹೊಳೆಯುವ ಪಟ್ಟಿಯೋ ಇರಬೇಕು. ಇದರಲ್ಲಿ ತಮಾಷೆಯಿಲ್ಲ.

2023ರ ಜೂನ್ 11ರಿಂದ ಇನ್ನೊಂದು ದಾರಿ ತೆರೆದಿದೆ. ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾಯಿತು. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ಹಿಂದೆ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುತ್ತಿದ್ದೆವು, ಈಗ ಟವಲಿಗೆ ಯಾರೂ ಬೆಲೆ ಕೊಡುವುದಿಲ್ಲವೆಂದು ಮೊಮ್ಮಗನನ್ನೇ ಒಳಗೆ ತೂರಿಸುತ್ತಾರೆ. ನಮ್ಮ ಓಣಿಯ ಒಬ್ಬಳು ಗಂಡನನ್ನು ಬುತ್ತಿಯ ಸಮೇತ ಬಂಡಿಯಲ್ಲಿ ಮುಂದೆ ಕಳಿಸಿ, ಎರಡು ದಿನ ಮನೆಯಲ್ಲಿ ಹಾಯಾಗಿ ಮಲಗೆದ್ದು, ಮೂರನೇ ದಿನ ಬಸ್ಸಿಗೆ ಹೊರಟು, ಗಂಡ ಮುಟ್ಟುವ ಮೊದಲೇ ಮೈಲಾರದಲ್ಲಿ ಮಿಂದು ಮಡಿಯುಟ್ಟು ನಿಂತಿದ್ದಳು. ಧೂಳು ಮೆತ್ತಿಕೊಂಡು ಗಂಡ ಬಂದಾಗ ಮೊದಲು ಗುರ್ತೇ ಹತ್ತಲಿಲ್ಲವಂತೆ. ಯಾರಿಗೆ ಯಾರದು ಎಂಬುದನ್ನು ಅವಳು ಹೇಳುವುದಿಲ್ಲ.

ಬಂಡಿ ಬಿಟ್ಟ ಬಯಲಿನಲ್ಲಿ ನಮ್ಮ ಬಂಡಿ ಯಾವುದು ಎಂದು ತಿರುಗಿ ಹುಡುಕುವುದೇ ದೊಡ್ಡ ಪರೀಕ್ಷೆ. ಎಲ್ಲ ತಾಡಪತ್ರಿಯೂ ನೀಲಿ. ಗಂಡಸರು "ಆ ಬೇವಿನ ಗಿಡದ ಹತ್ರ" ಎಂದು ಗುರುತು ಇಟ್ಟುಕೊಳ್ಳುತ್ತಾರೆ. ಸಂಜೆಗೆ ನೋಡಿದರೆ ಆ ಬೇವಿನ ಗಿಡದ ಹತ್ತಿರ ಇನ್ನೂರು ಬಂಡಿ. ದೊಡ್ಡವ್ವ ತನ್ನ ಹಳೆಯ ಕೆಂಪು ಇಳಕಲ್ ಸೀರೆಯ ಸೆರಗನ್ನು ಗಳುವಿಗೆ ಕಟ್ಟಿ ನಿಲ್ಲಿಸುತ್ತಾಳೆ, ಜೊತೆಗೆ ಎಲ್ಲ ಹುಡುಗರಿಗೂ ನಮ್ಮ ಎತ್ತಿನ ಗೆಜ್ಜೆಯ ಸದ್ದು ಬಾಯಿಪಾಠ ಮಾಡಿಸಿರುತ್ತಾಳೆ. ಕರೆಂಟು ಹೋದ ರಾತ್ರಿ ಸೆರಗು ಕಾಣಲಿಲ್ಲ, ಗೆಜ್ಜೆ ಕೇಳಿಸಿತು. ಕಳೆದುಹೋದವರ ಹೆಸರು ಮೈಕಿನಲ್ಲಿ ಕೂಗುತ್ತಿದ್ದುದರಲ್ಲಿ ಮಕ್ಕಳಿಗಿಂತ ಗಂಡಂದಿರ ಹೆಸರೇ ಹೆಚ್ಚು ಎಂದು ನನಗೆ ಅನ್ನಿಸಿದ್ದುಂಟು.

ತಿರುಗುವ ದಿನ ಬಂಡಿ ಹಗುರಾಗಿರಬೇಕು ತಾನೇ? ಮೇವು ಮುಗಿದಿದೆ, ರೊಟ್ಟಿ ಮುಗಿದಿದೆ. ಆ ಜಾಗಕ್ಕೆ ಭಂಡಾರದ ಪೊಟ್ಟಣಗಳು, ಬೆಂಡು ಬೆತ್ತಾಸು, ಮಂಡಕ್ಕಿಯ ಚೀಲ, ಓಣಿಗೆಲ್ಲ ಹಂಚುವ ಬಳೆ, ಒಂದು ಕಬ್ಬಿಣದ ಹಂಚು, ಹೊಸ ಕಂಬಳಿ, ಯಾರೋ ಬಿಟ್ಟುಹೋದ ಸ್ಟೀಲ್ ತಟ್ಟೆ ಎಲ್ಲ ಬಂದು ಕೂತಿವೆ. ಬಂಡಿ ಹೊಡೆಯುವ ಚಿಗಪ್ಪ ಎತ್ತಿನ ಬೆನ್ನು ಸವರಿ, ಬಂಡಿ ನೋಡಿ, ಹೆಂಗಸರನ್ನು ನೋಡಿ ನಿಟ್ಟುಸಿರು ಬಿಟ್ಟ. ಊರು ಮುಟ್ಟಿ ನೊಗ ಇಳಿಸಿದವನೇ ಕಮಾನಿನ ಹಗ್ಗಕ್ಕೆ ಕೈ ಹಾಕಿದ.

"ಬಿಚ್ಚಬ್ಯಾಡ ತಡಿ," ಅಂದಳು ದೊಡ್ಡವ್ವ ಒಳಗಿನಿಂದಲೇ. "ವಾರಕ್ಕ ಕೊಟ್ಟೂರಪ್ಪನ ತೇರು ಐತಿ. ಅದು ಮುಗಿದ್ರ ಶಿವರಾತ್ರಿಗೆ ಕುರುವತ್ತಿ ಬಸಪ್ಪ. ಮಾದಲಿ ಇನ್ನೂ ಅರ್ಧ ಡಬ್ಬಿ ಉಳದೈತಿ."

ಚಿಗಪ್ಪ ಹಗ್ಗ ಬಿಟ್ಟ. ಎತ್ತುಗಳನ್ನು ಕೇಳಿ ಹೇಳುತ್ತೇನೆ ಎಂದು ಕೊಟ್ಟಿಗೆಯ ಕಡೆ ಹೋದ.